ಮನೆಯಲ್ಲಿ ಕೊಂಬುಚಾ ತಯಾರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲವು ವರ್ಷಗಳಿಂದ ಬೆಂಗಳೂರಿನಂತಹ ನಗರಗಳ ಅಂಗಡಿಗಳಲ್ಲಿ ಕೊಂಬುಚಾ ಬಾಟಲಿಗಳು ಸಿಗುತ್ತಿವೆ. ಅದರ ರುಚಿ ಹಿಡಿಸಿದವರು, ಬೆಲೆ ನೋಡಿದ ಮೇಲೆ, ಮನೆಯಲ್ಲಿಯೇ ಮಾಡಿಕೊಳ್ಳಲು ಮನಸ್ಸು ಮಾಡುತ್ತಿದ್ದಾರೆ. ಹಾಗೆ ಶುರು ಮಾಡುವವರ ಪ್ರಶ್ನೆಗಳಲ್ಲಿ ಹೆಚ್ಚಿನವು ಜಾಡಿಯ ಮೇಲೆ ತೇಲುವ ಬಿಳಿಯ ಪದರದ ಕುರಿತಾಗಿರುತ್ತವೆ. ಆದರೆ ಕೊಂಬುಚಾ ಕೆಡದಂತೆ ಕಾಯುವುದು ಅದರ ಕೆಳಗಿನ ದ್ರವದ ಹುಳಿ. ಆ ಹುಳಿಯ ಮೇಲೆ ಕಣ್ಣಿಟ್ಟವರಿಗೆ ಉಳಿದ ಬಹುತೇಕ ಸಂದೇಹಗಳು ತಾವಾಗಿಯೇ ಬಗೆಹರಿಯುತ್ತವೆ ಎಂಬುದು ನನ್ನ ನಂಬಿಕೆ, ಮತ್ತು ಇಲ್ಲಿನ ಉತ್ತರಗಳೆಲ್ಲ ಆ ನಂಬಿಕೆಯಿಂದಲೇ ಹೊರಟಿವೆ.

ಕೊಂಬುಚಾ ಎಂದರೇನು? ಇದು ಎಲ್ಲಿಯದು?

ಸಕ್ಕರೆ ಬೆರೆಸಿದ ಚಹಾ ಡಿಕಾಕ್ಷನ್ನನ್ನು ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳ ಸಹಾಯದಿಂದ ಹುದುಗಿಸಿದಾಗ ಸಿಗುವ, ಹುಳಿ ಮತ್ತು ತುಸು ಸಿಹಿ ಬೆರೆತ ಪಾನೀಯವೇ ಕೊಂಬುಚಾ. ಇದರ ಮೂಲ ಈಶಾನ್ಯ ಚೀನಾದ ಮಂಚೂರಿಯಾ ಸೀಮೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅಲ್ಲಿಂದ ರಷ್ಯಾಕ್ಕೆ ಬಂದು, ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಜರ್ಮನಿ ಮತ್ತು ಪೂರ್ವ ಯುರೋಪಿನ ಮನೆಗಳಲ್ಲಿಯೂ ಬಳಕೆಗೆ ಬಂದಿತ್ತು. ರಷ್ಯನ್ನರು ಇದನ್ನು ಚಹಾದ ಅಣಬೆ ಎಂದೇ ಕರೆಯುತ್ತಾರೆ, ಆದರೆ ಇದರಲ್ಲಿ ಅಣಬೆ ಇಲ್ಲ. ಜಪಾನಿನಲ್ಲಿ ಇದೇ ಹೆಸರಿನಿಂದ ಸಿಗುವ ಪಾನೀಯ ಸಮುದ್ರದ ಪಾಚಿಯಿಂದ ಮಾಡಿದ್ದು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಜಾಡಿಯೊಳಗೆ ನಡೆಯುವುದೇನು?

ಎರಡು ಬಗೆಯ ಜೀವಿಗಳು ಒಂದರ ಬೆನ್ನಿಗೆ ಒಂದು ಕೆಲಸ ಮಾಡುತ್ತವೆ. ಮೊದಲು ಯೀಸ್ಟ್ ಕಣಗಳು ಸಕ್ಕರೆಯನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆದು, ಅವುಗಳಿಂದ ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಉಂಟುಮಾಡುತ್ತವೆ. ಆ ಮದ್ಯಸಾರವನ್ನು ಅಸಿಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಗಾಳಿಯಲ್ಲಿನ ಆಮ್ಲಜನಕದ ನೆರವಿನಿಂದ ಅಸಿಟಿಕ್ ಆಮ್ಲವಾಗಿ, ಅಂದರೆ ವಿನೆಗರ್‌ನ ಹುಳಿಯಾಗಿ ಮಾರ್ಪಡಿಸುತ್ತವೆ. ಗ್ಲೂಕೋಸಿನ ಒಂದು ಭಾಗವನ್ನು ಗ್ಲುಕೋನಿಕ್ ಆಮ್ಲವಾಗಿಸುವುದೂ ಅವೇ. ಕೊಮಗಾಟೈಬ್ಯಾಕ್ಟರ್ ಕ್ಸೈಲಿನಸ್ ಎಂಬ ಬ್ಯಾಕ್ಟೀರಿಯಾ ಇದರ ಜೊತೆಗೆ ಸೆಲ್ಯುಲೋಸಿನ ಎಳೆಗಳನ್ನು ನೇಯುತ್ತಾ ಹೋಗುತ್ತದೆ. ಎಲ್ಲರೂ ಸ್ಕೋಬಿ ಎಂದು ಕರೆಯುವ ಪದರ ಹುಟ್ಟುವುದು ಹೀಗೆ. ಈ ಬ್ಯಾಕ್ಟೀರಿಯಾಗಳಿಗೆ ಗಾಳಿ ಬೇಕಾದ್ದರಿಂದಲೇ ಪದರ ಯಾವಾಗಲೂ ದ್ರವದ ಮೇಲ್ಮೈಯಲ್ಲಿ ಕಟ್ಟುತ್ತದೆ, ಮತ್ತು ಜಾಡಿಯ ಬಾಯಿಗೆ ಮುಚ್ಚಳ ಬಿಗಿಯದೆ ಬಟ್ಟೆ ಕಟ್ಟುವುದೂ ಇದೇ ಕಾರಣಕ್ಕೆ.

ಹಾಗಾದರೆ ಸ್ಕೋಬಿಯೇ ಹೆಪ್ಪು ಅಲ್ಲವೇ?

ಹಾಲಿಗೆ ಹಿಂದಿನ ದಿನದ ಮೊಸರಿನಿಂದ ಹೆಪ್ಪು ಹಾಕುವಂತೆ, ಹೊಸ ಚಹಾಕ್ಕೆ ಹಿಂದಿನ ಸಲದ ಹುಳಿ ಚಹಾವನ್ನು ಬೆರೆಸಬೇಕು. ನಿಜವಾದ ಹೆಪ್ಪು ಅದೇ. ಕೆಲಸ ಮಾಡುವ ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಆ ದ್ರವದಲ್ಲಿ ಧಾರಾಳವಾಗಿರುತ್ತವೆ. ಪದರವನ್ನು ತೆಗೆದುಹಾಕಿ ಬರೀ ಹುಳಿ ಚಹಾವನ್ನು ಬೆರೆಸಿದರೂ ಕೊಂಬುಚಾ ಆಗುತ್ತದೆ, ಮೇಲೆ ಹೊಸ ಪದರವೂ ಕಟ್ಟುತ್ತದೆ. ಅದೇ, ದಪ್ಪನೆಯ ಸ್ಕೋಬಿಯನ್ನು ನೀರಿನಲ್ಲಿ ಚೆನ್ನಾಗಿ ತೊಳೆದು, ಹುಳಿ ದ್ರವವಿಲ್ಲದೆ ಸಿಹಿ ಚಹಾದಲ್ಲಿ ಬಿಟ್ಟರೆ ಬೂಷ್ಟು ಹಿಡಿಯುವ ಸಂಭವವೇ ಹೆಚ್ಚು. ಆದ್ದರಿಂದ ಯಾರಾದರೂ ನಿಮಗೆ ಸ್ಕೋಬಿ ಕೊಡಲು ಬಂದರೆ, ಅದರ ಜೊತೆಗೆ ಕನಿಷ್ಠ ಒಂದು ಲೋಟದಷ್ಟು ಹುಳಿ ಚಹಾವನ್ನೂ ಕೇಳಿ ಪಡೆಯಿರಿ.

ಮೊದಲ ಹೆಪ್ಪನ್ನು ಎಲ್ಲಿಂದ ತರುವುದು?

ಕೊಂಬುಚಾ ಮಾಡುವ ಸ್ನೇಹಿತರು ಅಥವಾ ಅಕ್ಕಪಕ್ಕದವರಿದ್ದರೆ ಅವರಿಂದ ಪಡೆಯುವುದೇ ಉತ್ತಮ, ಏಕೆಂದರೆ ಅವರ ಮನೆಯ ಹವೆಗೆ ಹೊಂದಿಕೊಂಡ ಹೆಪ್ಪು ನಿಮ್ಮ ಮನೆಗೂ ಸಾಮಾನ್ಯವಾಗಿ ಒಗ್ಗುತ್ತದೆ. ಆನ್‌ಲೈನಿನಲ್ಲಿಯೂ ಮಾರಾಟಕ್ಕೆ ಸಿಗುತ್ತದೆ. ಅದೂ ಬೇಡವೆಂದರೆ, ಪಾಶ್ಚರೀಕರಿಸದ (ಅಂದರೆ ಜೀವಿಗಳು ಸಾಯುವಂತೆ ಬಿಸಿ ಮಾಡಿರದ), ಹಣ್ಣು ಅಥವಾ ಪರಿಮಳ ಸೇರಿಸದ ಒಂದು ಬಾಟಲಿ ಕೊಂಬುಚಾ ತಂದು, ಅದನ್ನು ಸಮ ಪ್ರಮಾಣದ ತಣ್ಣಗಿನ ಸಿಹಿ ಚಹಾದೊಂದಿಗೆ ಬೆರೆಸಿ, ಬಟ್ಟೆ ಕಟ್ಟಿ ಇಟ್ಟರೆ ಎರಡರಿಂದ ನಾಲ್ಕು ವಾರಗಳಲ್ಲಿ ಪದರ ಕಟ್ಟಿ, ದ್ರವವೂ ಹೆಪ್ಪಾಗುವಷ್ಟು ಹುಳಿಯಾಗುತ್ತದೆ.

ಅಳತೆ ಎಷ್ಟು? ಮಾಡುವ ಕ್ರಮ ಹೇಗೆ?

ಮೂರು ಲೀಟರಿನ ಗಾಜಿನ ಜಾಡಿಗೆ ಹೊಂದುವ ಅಳತೆಯನ್ನು ಹೇಳುತ್ತೇನೆ. ನೀರು 2 ಲೀಟರ್, ಸಕ್ಕರೆ 150 ಗ್ರಾಂ, ಎಲೆ ಚಹಾ 10ರಿಂದ 12 ಗ್ರಾಂ, ಹೆಪ್ಪಿನ ಹುಳಿ ಚಹಾ 250 ಮಿಲಿಲೀಟರ್. ಮೊದಲ ಒಂದೆರಡು ಸಲ ಅಡುಗೆಮನೆಯ ತಕ್ಕಡಿ ಬಳಸುವುದು ಒಳ್ಳೆಯದು, ಏಕೆಂದರೆ ಎಲೆ ಚಹಾದ ಒಂದು ಚಮಚಕ್ಕೂ ಪುಡಿ ಚಹಾದ ಒಂದು ಚಮಚಕ್ಕೂ ತೂಕದಲ್ಲಿ ಬಹಳ ವ್ಯತ್ಯಾಸವಿದೆ.

ಮುಕ್ಕಾಲು ಲೀಟರ್ ನೀರನ್ನು ಕುದಿಸಿ ಒಲೆ ಆರಿಸಿ, ಚಹಾ ಹಾಕಿ ಮುಚ್ಚಿಡಿ. ಹತ್ತು ನಿಮಿಷದ ನಂತರ ಸೋಸಿ, ಸಕ್ಕರೆಯನ್ನು ಪೂರ್ತಿ ಕರಗಿಸಿ. ಉಳಿದ ನೀರನ್ನು ಮೊದಲೇ ಕುದಿಸಿ ಆರಿಸಿಟ್ಟಿದ್ದರೆ ಅದನ್ನು ಸೇರಿಸಿದ ಕೂಡಲೇ ಬಿಸಿ ಬಹುಪಾಲು ಇಳಿಯುತ್ತದೆ. ಪಾತ್ರೆಯ ಹೊರಮೈಗೆ ಅಂಗೈ ಇಟ್ಟಾಗ ಬೆಚ್ಚಗೂ ಅನ್ನಿಸಬಾರದು. ಬಿಸಿ ಚಹಾಕ್ಕೆ ಹೆಪ್ಪು ಬೆರೆಸಿದರೆ ಅದರಲ್ಲಿನ ಜೀವಿಗಳು ಸಾಯುತ್ತವೆ. ತಣ್ಣಗಾದ ಚಹಾವನ್ನು ಜಾಡಿಗೆ ಸುರಿದು, ಹೆಪ್ಪು ಬೆರೆಸಿ, ಸ್ಕೋಬಿ ಇದ್ದರೆ ತೊಳೆದ ಕೈಯಿಂದ ಮೇಲೆ ಬಿಡಿ. ಅದು ತೇಲಲಿ, ಮುಳುಗಲಿ, ಓರೆಯಾಗಿ ನಿಲ್ಲಲಿ, ಎಲ್ಲವೂ ಸರಿಯೇ. ಬಾಯಿಗೆ ಒತ್ತಾಗಿ ನೇಯ್ದ ಹತ್ತಿಬಟ್ಟೆ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿ. ಹಳೆಯ ಪಂಚೆಯ ತುಂಡನ್ನು ಎರಡು ಮಡಿಕೆ ಮಾಡಿದರೆ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಬಿಸಿಲು ತಾಗದ, ಆದರೆ ಗಾಳಿಯಾಡುವ ಜಾಗದಲ್ಲಿಟ್ಟು, ಅಲುಗಾಡಿಸದೆ ಬಿಡಿ.

ದಿನದಿನಕ್ಕೆ ಏನು ಕಾಣಿಸಬೇಕು?

ಮೊದಲ ಎರಡು ದಿನ ಏನೂ ಆಗದಂತೆ ತೋರುತ್ತದೆ. ಮೂರನೆಯ ಅಥವಾ ನಾಲ್ಕನೆಯ ದಿನ ಜಾಡಿಯನ್ನು ಅಲುಗಿಸದೆ ಕಣ್ಣನ್ನು ದ್ರವದ ಮಟ್ಟಕ್ಕೆ ತಂದು ಪಕ್ಕದಿಂದ ನೋಡಿದರೆ, ಮೇಲ್ಮೈ ಮಂಜಾಗಿ, ಅಲ್ಲಲ್ಲಿ ಅರೆಪಾರದರ್ಶಕ ತೇಪೆಗಳು ಕಾಣುತ್ತವೆ. ಅವು ಒಂದಕ್ಕೊಂದು ಕೂಡಿಕೊಂಡು, ವಾರದ ಕೊನೆಗೆ ಜಾಡಿಯ ಅಗಲಕ್ಕೆ ಸರಿಯಾದ ಒಂದೇ ಪದರವಾಗುತ್ತದೆ. ಪದರದ ಕೆಳಗೆ ಗುಳ್ಳೆಗಳು ಸಿಕ್ಕಿಕೊಂಡು ಅದು ಅಲ್ಲಲ್ಲಿ ಉಬ್ಬುವುದುಂಟು. ಕಂದು ಬಣ್ಣದ ಎಳೆಗಳು ಜೋತುಬೀಳುತ್ತವೆ, ತಳದಲ್ಲಿ ಗಷ್ಟು ಕೂರುತ್ತದೆ. ಎರಡೂ ಯೀಸ್ಟ್, ಹೆದರಬೇಕಾಗಿಲ್ಲ. ದಿನ ಕಳೆದಂತೆ ಚಹಾದ ಬಣ್ಣವೂ ತಿಳಿಯಾಗುತ್ತದೆ. ಮೂಗಿಗೆ ಮೊದಲು ಬರುವುದು ಚಹಾದ ವಾಸನೆ, ಆಮೇಲೆ ತುಸು ಹಣ್ಣಿನ ವಾಸನೆ, ಕೊನೆಗೆ ತಿಳಿಯಾದ ವಿನೆಗರ್ ಘಾಟು. ಕೊಳೆತ ಅಥವಾ ಮುಗ್ಗಲು ವಾಸನೆ ಯಾವ ಹಂತದಲ್ಲಿಯೂ ಬರಬಾರದು.

ಎಷ್ಟು ದಿನ ಬಿಡಬೇಕು?

ಇದನ್ನು ನಿರ್ಧರಿಸುವುದು ನಿಮ್ಮ ಊರಿನ ಹವೆ. ಕೊಂಬುಚಾಕ್ಕೆ ಹಿತವಾದ ಉಷ್ಣತೆ ಸುಮಾರು 24ರಿಂದ 29 ಡಿಗ್ರಿ ಸೆಲ್ಸಿಯಸ್. ಬೆಂಗಳೂರು, ಮೈಸೂರಿನ ಬಹುಪಾಲು ತಿಂಗಳುಗಳಲ್ಲಿ ಏಳರಿಂದ ಹತ್ತು ದಿನ ಸಾಕು. ಡಿಸೆಂಬರ್ ಜನವರಿಯ ಚಳಿಯಲ್ಲಿ ಎರಡು ವಾರವೂ ಹಿಡಿಯಬಹುದು. ಕರಾವಳಿಯ ಸೆಕೆಯಲ್ಲಿ ಐದಾರು ದಿನಕ್ಕೇ ಹುಳಿ ಬಂದಿರುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕೋಣೆಯೊಳಗೂ ಉಷ್ಣತೆ ಮಿತಿ ಮೀರುವುದರಿಂದ ಯೀಸ್ಟ್ ಬಿರುಸಾಗಿ, ರುಚಿ ಒರಟಾಗುತ್ತದೆ. ಅಲ್ಲಿನವರು ಏಪ್ರಿಲ್ ಮೇ ತಿಂಗಳಲ್ಲಿ ಮನೆಯ ಅತಿ ತಂಪಾದ ಕೋಣೆಯ ನೆಲದ ಮೇಲೆ ಜಾಡಿ ಇಟ್ಟು, ನಾಲ್ಕನೆಯ ದಿನದಿಂದಲೇ ರುಚಿ ನೋಡಬೇಕು. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಕಷ್ಟದ ಕಾಲ ಮಲೆನಾಡಿನ ಮಳೆಗಾಲ. ಚಳಿಯಿಂದ ಹುಳಿ ನಿಧಾನವಾಗಿ ಏರುತ್ತದೆ, ಥಂಡಿ ಗಾಳಿಯಲ್ಲಿ ಬೂಷ್ಟಿನ ಕಣಗಳು ತುಂಬಿರುತ್ತವೆ. ಆ ತಿಂಗಳುಗಳಲ್ಲಿ ಹೆಪ್ಪಿನ ಪ್ರಮಾಣವನ್ನು 2 ಲೀಟರಿಗೆ 400 ಮಿಲಿಲೀಟರಿಗೆ ಏರಿಸುವುದು ಕ್ಷೇಮ.

ರುಚಿ ನೋಡಲು ಪದರವನ್ನು ಪಕ್ಕಕ್ಕೆ ಮೆಲ್ಲಗೆ ಸರಿಸಿ, ಶುಚಿಯಾದ ಸ್ಟೀಲ್ ಚಮಚದಲ್ಲಿ ಒಂದಿಷ್ಟು ತೆಗೆಯಿರಿ. ಒಮ್ಮೆ ಬಾಯಿಗಿಟ್ಟ ಚಮಚವನ್ನು ಮತ್ತೆ ಜಾಡಿಗೆ ಅದ್ದಬಾರದು.

ಪಿಎಚ್ ಕಾಗದ ಅಗತ್ಯವೇ?

ಅಗತ್ಯವೆಂದೇ ಹೇಳುತ್ತೇನೆ, ಮುಖ್ಯವಾಗಿ ಹೊಸಬರಿಗೆ. ಪಿಎಚ್ ಎಂದರೆ ಹುಳಿಯ ಅಳತೆ, ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು. ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಗಳಲ್ಲಿ ಇದು ಕಡಿಮೆ ಬೆಲೆಗೆ ಸಿಗುತ್ತದೆ. ಹೆಪ್ಪು ಬೆರೆಸಿದ ಕೂಡಲೇ ಪಿಎಚ್ 4.5 ಅಥವಾ ಅದಕ್ಕಿಂತ ಕೆಳಗಿರಬೇಕು. ಬಾಟುಲಿಸಂ ಎಂಬ ವಿಷಮ ಕಾಯಿಲೆ ತರುವ ಬ್ಯಾಕ್ಟೀರಿಯಾ 4.6ಕ್ಕಿಂತ ಕೆಳಗೆ ಬೆಳೆಯಲಾರದು, ಬೂಷ್ಟಿಗೂ ಹುಳಿಯಲ್ಲಿ ನೆಲೆಯೂರುವುದು ಕಷ್ಟ. ಸಿಹಿ ಚಹಾ ಅಪಾಯಕ್ಕೆ ತೆರೆದುಕೊಂಡಿರುವುದು ಮೊದಲ ಎರಡು ಮೂರು ದಿನಗಳಲ್ಲಿ, ಮತ್ತು ಆ ದಿನಗಳಲ್ಲಿ ಅದನ್ನು ಕಾಯುವುದು ನೀವು ಬೆರೆಸಿದ ಹೆಪ್ಪಿನ ಹುಳಿ ಮಾತ್ರ. ಅಳತೆ 4.5ಕ್ಕಿಂತ ಮೇಲಿದ್ದರೆ ಇನ್ನಷ್ಟು ಹೆಪ್ಪು ಸೇರಿಸಿ. ಅದು ಇಲ್ಲದಿದ್ದರೆ ಅಂಗಡಿಯ ತಿಳಿ ಬಿಳಿ ವಿನೆಗರನ್ನು ಚಮಚ ಚಮಚವಾಗಿ ಬೆರೆಸುತ್ತಾ ಮತ್ತೆ ಅಳೆಯಿರಿ. ಕುಡಿಯಲು ಸಿದ್ಧವಾದ ಕೊಂಬುಚಾದ ಪಿಎಚ್ 2.5 ಮತ್ತು 3.5ರ ನಡುವೆ ಇರುತ್ತದೆ. 2.5ಕ್ಕಿಂತ ಕೆಳಗಿಳಿದದ್ದನ್ನು ಹಾಗೆಯೇ ಕುಡಿಯಬಾರದು.

ಮನೆಯಲ್ಲಿರುವ ಚಹಾ ಪುಡಿ ನಡೆಯುತ್ತದೆಯೇ?

ನಡೆಯುತ್ತದೆ. ಸಿಟಿಸಿ ಪುಡಿ, ಅಂದರೆ ದಿನಬಳಕೆಯ ಸಣ್ಣ ಕಾಳಿನಂತಹ ಚಹಾ ಪುಡಿ, ಬೇಗ ಮತ್ತು ಗಟ್ಟಿಯಾಗಿ ರಸ ಬಿಡುವುದರಿಂದ 2 ಲೀಟರಿಗೆ 8 ಗ್ರಾಂ ಸಾಕು, ಐದು ನಿಮಿಷಕ್ಕೆ ಸೋಸಬೇಕು. ಹೆಚ್ಚು ಹೊತ್ತು ಬಿಟ್ಟರೆ ಒಗರು ಕೊನೆಯವರೆಗೂ ಉಳಿಯುತ್ತದೆ. ನೀಲಗಿರಿಯ ಎಲೆ ಚಹಾದಲ್ಲಿ ಮಾಡಿದ್ದು ಹೆಚ್ಚು ಹಗುರವಾಗಿಯೂ ಪರಿಮಳವಾಗಿಯೂ ಇರುತ್ತದೆ ಎಂಬುದು ನನ್ನ ಅನುಭವ. ಹಸಿರು ಚಹಾ ಆಗುತ್ತದೆ. ಏಲಕ್ಕಿ, ಲವಂಗ ಬೆರೆತ ಮಸಾಲೆ ಚಹಾ ಮತ್ತು ಎಣ್ಣೆಯ ಪರಿಮಳ ಸೇರಿಸಿದ ಚಹಾಗಳು ಮೊದಲ ಹಂತಕ್ಕೆ ಬೇಡ, ಅವುಗಳ ತೈಲಾಂಶ ಹೆಪ್ಪನ್ನು ಕ್ರಮೇಣ ದುರ್ಬಲಗೊಳಿಸುತ್ತದೆ.

ಸಕ್ಕರೆಯ ಬದಲು ಬೆಲ್ಲ ಅಥವಾ ಜೇನುತುಪ್ಪ ಹಾಕಬಹುದೇ? ಸಕ್ಕರೆ ಕಡಿಮೆ ಮಾಡಬಹುದೇ?

ಬೆಲ್ಲದಿಂದಲೂ ಕೊಂಬುಚಾ ಆಗುತ್ತದೆ, ಆದರೆ ಬಣ್ಣ ಕಡುವಾಗುತ್ತದೆ, ಗಷ್ಟು ಹೆಚ್ಚುತ್ತದೆ, ಒಂದೊಂದು ಅಚ್ಚಿನ ಬೆಲ್ಲಕ್ಕೆ ಒಂದೊಂದು ರುಚಿ ಬರುತ್ತದೆ. ಪ್ರಯತ್ನಿಸುವುದಾದರೆ ಮುಖ್ಯ ಹೆಪ್ಪನ್ನು ಬಿಳಿ ಸಕ್ಕರೆಯಲ್ಲಿಯೇ ಉಳಿಸಿಕೊಂಡು, ಸ್ವಲ್ಪ ಬೇರೆ ತೆಗೆದು ಅದರಲ್ಲಿ ಮಾಡಿ. ಹಸಿರು ಚಹಾ ಮತ್ತು ಜೇನಿನಿಂದ ಮಾಡುವ ಜುನ್ ಎಂಬ ಪಾನೀಯವೇ ಬೇರೆ ಇದೆ, ಅದಕ್ಕೆ ಅದರದ್ದೇ ಹೆಪ್ಪು ಬೇಕು. ಸಕ್ಕರೆ ಈ ಜೀವಿಗಳ ಆಹಾರ; ಲೀಟರಿಗೆ 60 ಗ್ರಾಂಗಿಂತ ಕಡಿಮೆ ಮಾಡಿದರೆ ಹುಳಿ ಸರಿಯಾಗಿ ಏರದೆ ಮೇಲೆ ಹೇಳಿದ ಅಪಾಯವೇ ಎದುರಾಗುತ್ತದೆ. ಸಿಹಿ ಕಡಿಮೆ ಬೇಕೆನ್ನುವವರು ಒಂದೆರಡು ದಿನ ಹೆಚ್ಚು ಬಿಡುವುದೇ ಸರಿಯಾದ ದಾರಿ. ಸಕ್ಕರೆಯಿಲ್ಲದ ಕೃತಕ ಸಿಹಿಕಾರಕಗಳಿಂದ ಹುದುಗು ಬರುವುದಿಲ್ಲ.

ಯಾವ ನೀರು ಒಳ್ಳೆಯದು?

ನಲ್ಲಿ ನೀರಿನ ಕ್ಲೋರಿನ್ ಹೆಪ್ಪಿಗೆ ಹಾನಿ ಮಾಡಬಹುದಾದ್ದರಿಂದ ಕುದಿಸಿ ಆರಿಸಿ ಬಳಸಿ. ಆರ್‌ಒ ನೀರೂ ಆಗುತ್ತದೆ.

ಉಪ್ಪಿನಕಾಯಿ ಭರಣಿಯಲ್ಲಿ ಮಾಡಬಹುದೇ?

ನಮ್ಮ ಮನೆಗಳಲ್ಲಿ ಹುಳಿ ಪದಾರ್ಥವೆಂದರೆ ಕೈ ತಾನಾಗಿಯೇ ಭರಣಿಯ ಕಡೆಗೆ ಹೋಗುತ್ತದೆ. ಆದರೂ ಕೊಂಬುಚಾಕ್ಕೆ ಅದು ಬೇಡ. ಪಿಂಗಾಣಿ ಮತ್ತು ಮಣ್ಣಿನ ಪಾತ್ರೆಗಳ ಹೊಳಪಿನ ಲೇಪದಲ್ಲಿ ಸೀಸ ಇರುವ ಸಾಧ್ಯತೆಯಿದೆ. ಹುಳಿ ದ್ರವ ದಿನಗಟ್ಟಲೆ ಅದಕ್ಕೆ ತಾಗಿಕೊಂಡಿದ್ದರೆ ಸೀಸ ಪಾನೀಯಕ್ಕೆ ಇಳಿಯುತ್ತದೆ. ಸೆರಾಮಿಕ್ ಪಾತ್ರೆಯಲ್ಲಿ ತಯಾರಿಸಿದ ಕೊಂಬುಚಾವನ್ನು ತಿಂಗಳುಗಟ್ಟಲೆ ಕುಡಿದ ಇಬ್ಬರಿಗೆ ಸೀಸದ ವಿಷ ಏರಿದ ಪ್ರಕರಣ 1998ರಲ್ಲಿ ಆಸ್ಟ್ರೇಲಿಯಾದ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿತ್ತು. ಅಜ್ಜಿಯ ಕಾಲದ ಭರಣಿಯ ಲೇಪದಲ್ಲಿ ಏನಿದೆಯೆಂದು ಕಣ್ಣಿನಿಂದ ನೋಡಿ ತಿಳಿಯಲಾಗದು, ಆದ್ದರಿಂದ ಅದು ಉಪ್ಪಿನಕಾಯಿಯ ನೆನಪಿಗೆ ಇರಲಿ. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಪಾತ್ರೆಗಳೂ ಇದೇ ಕಾರಣಕ್ಕೆ ಸಲ್ಲವು. ಅಗಲ ಬಾಯಿಯ ಗಾಜಿನ ಜಾಡಿಯೇ ಸರಿ. ಸೋಸಲು, ಕಲಕಲು ಸ್ಟೀಲ್ ಬಳಸುವುದರಲ್ಲಿ ತೊಂದರೆಯಿಲ್ಲ.

ಬೂಷ್ಟನ್ನು ಗುರುತಿಸುವುದು ಹೇಗೆ? ಅದನ್ನು ತೆಗೆದು ಉಳಿದದ್ದನ್ನು ಬಳಸಬಹುದೇ?

ಬೂಷ್ಟು ಯಾವಾಗಲೂ ಮೇಲ್ಮೈಯಲ್ಲಿ, ಒಣಗಿದ ಜಾಗದಲ್ಲಿ ಬೆಳೆಯುತ್ತದೆ. ಅದಕ್ಕೆ ರೋಮವಿರುತ್ತದೆ, ದುಂಡಗೆ ಹರಡುತ್ತದೆ, ಬಣ್ಣ ಬಿಳಿ, ಹಸಿರು, ನೀಲಿ ಅಥವಾ ಕಪ್ಪು ಇರಬಹುದು. ಹೊಸ ಸ್ಕೋಬಿಯ ಬಿಳಿ ತೇಪೆ ಒದ್ದೆಯಾಗಿ, ನುಣುಪಾಗಿ ಹೊಳೆಯುತ್ತದೆ. ಸಂದೇಹವಿದ್ದರೆ ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಿ, ರೋಮಗಳಿದ್ದರೆ ಆ ಬೆಳಕಿನಲ್ಲಿ ಎದ್ದು ಕಾಣುತ್ತವೆ. ಇನ್ನೂ ನಿರ್ಧಾರವಾಗದಿದ್ದರೆ ಎರಡು ದಿನ ಬಿಡಿ. ಬೂಷ್ಟಾದರೆ ಅಷ್ಟರಲ್ಲಿ ಬಣ್ಣ ತಿರುಗುತ್ತದೆ.

ಬೂಷ್ಟು ಎಂದು ಖಚಿತವಾದ ಮೇಲೆ ದ್ರವ, ಸ್ಕೋಬಿ, ಎಲ್ಲವನ್ನೂ ಚೆಲ್ಲಬೇಕು. ಮೇಲಿನದನ್ನು ಮಾತ್ರ ತೆಗೆದು ಕುಡಿಯುವುದು ಸರಿಯಲ್ಲ, ಕೆಲವು ಬೂಷ್ಟುಗಳು ಬಿಡುವ ವಿಷ ಕಣ್ಣಿಗೆ ಕಾಣದೆ ದ್ರವದಲ್ಲಿ ಬೆರೆತಿರುತ್ತದೆ. ವಾರಗಟ್ಟಲೆ ಕಾಯ್ದದ್ದನ್ನು ಚೆಲ್ಲಲು ಮನಸ್ಸು ಬರುವುದಿಲ್ಲ ನಿಜ, ಆದರೆ ಇದರಲ್ಲಿ ರಾಜಿ ಬೇಡ. ಜಾಡಿಯನ್ನು ಸೋಪಿನಿಂದ ತೊಳೆದು, ಬಿಸಿನೀರಿನಲ್ಲಿ ಜಾಲಿಸಿ ಒಣಗಿಸಿ, ಬಟ್ಟೆಯನ್ನು ಕುದಿಸಿ, ಹೊಸ ಹೆಪ್ಪಿನಿಂದ ಆರಂಭಿಸಿ. ಈ ಕಾರಣಕ್ಕಾಗಿಯೇ ಪ್ರತಿ ಸಲವೂ ಒಂದು ಚಿಕ್ಕ ಬಾಟಲಿಯಷ್ಟು ಹೆಪ್ಪನ್ನು ಬೇರೆ ತೆಗೆದಿಡುವ ಅಭ್ಯಾಸ ಒಳ್ಳೆಯದು.

ಸಣ್ಣ ನೊಣಗಳು ಮುತ್ತುತ್ತಿವೆ, ಏನು ಮಾಡಲಿ?

ಹಣ್ಣಿನ ನೊಣಗಳಿಗೆ ವಿನೆಗರ್ ವಾಸನೆ ಬಹಳ ಪ್ರಿಯ, ತೆಳು ಜಾಲರಿ ಬಟ್ಟೆಯಾದರೆ ನುಸುಳಿ ಒಳಗೆ ಮೊಟ್ಟೆಯಿಡುತ್ತವೆ. ಜಾಡಿಯನ್ನು ಬಾಳೆಗೊನೆ, ಹಣ್ಣಿನ ಬುಟ್ಟಿ ಮತ್ತು ಕಸದ ಡಬ್ಬಿಯಿಂದ ದೂರವಿಡಿ. ಪದರದ ಮೇಲೆ ಸಣ್ಣ ಬಿಳಿ ಹುಳುಗಳು ಹರಿದಾಡಿದರೆ ಅದನ್ನೂ ಚೆಲ್ಲಬೇಕು.

ಅಂಗಡಿಯದರಂತೆ ಗುಳ್ಳೆ ಬರುವುದು ಹೇಗೆ?

ಅದಕ್ಕೆ ಎರಡನೆಯ ಹುದುಗು ಬೇಕು. ಮುಂದಿನ ಸಲಕ್ಕೆ ಬೇಕಾದಷ್ಟು ಹೆಪ್ಪನ್ನು ಮೊದಲೇ ತೆಗೆದಿಟ್ಟು, ಉಳಿದ ಕೊಂಬುಚಾವನ್ನು ಬಾಟಲಿಗಳಿಗೆ ತುಂಬಿ, ಹಣ್ಣಿನ ರಸ ಅಥವಾ ಶುಂಠಿ ಸೇರಿಸಿ, ಮುಚ್ಚಳ ಬಿಗಿಯಾಗಿ ಹಾಕಿ ಒಂದರಿಂದ ಮೂರು ದಿನ ಹೊರಗಿಡಿ. ರಸದ ಸಕ್ಕರೆಯನ್ನು ತಿಂದ ಯೀಸ್ಟ್ ಅನಿಲ ಬಿಡುತ್ತದೆ, ಹೊರಹೋಗಲು ದಾರಿಯಿಲ್ಲದೆ ಅದು ಪಾನೀಯದಲ್ಲಿಯೇ ಕರಗುತ್ತದೆ. ಅರ್ಧ ಲೀಟರಿಗೆ ಒಂದು ಚಮಚ ತುರಿದ ಹಸಿಶುಂಠಿ ಮತ್ತು ಅರ್ಧ ಚಮಚ ಸಕ್ಕರೆ ಎಲ್ಲಕ್ಕಿಂತ ಸುಲಭ. ಕರಾವಳಿಯವರು ಪುನರ್ಪುಳಿ ಸಿಪ್ಪೆ ನೆನೆಸಿದ ರಸವನ್ನು ಬೆರೆಸಿ ನೋಡಬೇಕು, ಅದರ ಕೆಂಪು ಬಣ್ಣವೂ ಹುಳಿಯೂ ಕೊಂಬುಚಾಕ್ಕೆ ಬಹಳ ಚೆನ್ನಾಗಿ ಹೊಂದುತ್ತವೆ. ನೇರಳೆ, ಅನಾನಸ್, ಮಾವು ಕೂಡ ಆಗುತ್ತವೆ, ಆದರೆ ಮಾವಿನ ತಿರುಳು ಅನಿಲವನ್ನು ಬಹಳ ಬೇಗ ಎಬ್ಬಿಸುತ್ತದೆ.

ಇಲ್ಲಿ ನಿಜವಾದ ಅಪಾಯ ಬಾಟಲಿ ಒಡೆಯುವುದು. ಒತ್ತಡ ತಡೆಯಲೆಂದೇ ಮಾಡಿದ ದಪ್ಪ ಗಾಜಿನ ಬಾಟಲಿಗಳನ್ನು ಮಾತ್ರ ಬಳಸಿ. ಜಾಮ್ ಸೀಸೆ, ಚೌಕದ ಅಲಂಕಾರದ ಸೀಸೆಗಳು ಖಂಡಿತ ಬೇಡ. ಕುತ್ತಿಗೆಯ ಬಳಿ ಎರಡು ಮೂರು ಸೆಂಟಿಮೀಟರ್ ಖಾಲಿ ಬಿಡಿ, ಬಾಟಲಿಗಳನ್ನು ಮುಚ್ಚಿದ ರಟ್ಟಿನ ಪೆಟ್ಟಿಗೆಯಲ್ಲಿಡಿ. ಅದೇ ಪಾನೀಯವನ್ನು ಒಂದು ಸೋಡಾದ ಪ್ಲಾಸ್ಟಿಕ್ ಬಾಟಲಿಗೂ ತುಂಬಿಡಿ. ಅದನ್ನು ಅದುಮಿದಾಗ ಕಲ್ಲಿನಂತೆ ಗಟ್ಟಿಯಾಗಿದ್ದರೆ ಎಲ್ಲವನ್ನೂ ಕೂಡಲೇ ಫ್ರಿಜ್ಜಿಗೆ ಸೇರಿಸುವ ಹೊತ್ತಾಗಿದೆ ಎಂದರ್ಥ. ಚೆನ್ನಾಗಿ ತಣ್ಣಗಾದ ಮೇಲೆ, ಮುಖದಿಂದ ದೂರ ಹಿಡಿದು, ಮುಚ್ಚಳದ ಮೇಲೆ ಒದ್ದೆ ಬಟ್ಟೆ ಹಾಕಿ, ನಿಧಾನವಾಗಿ ತೆರೆಯಿರಿ.

ಇದರಲ್ಲಿ ಮದ್ಯಸಾರ ಇರುತ್ತದೆಯೇ?

ಇರುತ್ತದೆ, ಇದನ್ನು ಮುಚ್ಚಿಡಬಾರದು. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಮದ್ಯಸಾರ ಶೇ 0.5ನ್ನು ಮೀರಿದ ಪಾನೀಯ ಮದ್ಯವೆನಿಸುತ್ತದೆ. ಅಮೆರಿಕದಲ್ಲಿಯೂ ಮಿತಿ ಅಷ್ಟೇ. ಆ ಮಿತಿ ಮೀರಿದೆಯೆಂಬ ಸಂದೇಹದಿಂದ 2010ರಲ್ಲಿ ಅಲ್ಲಿನ ದೊಡ್ಡ ಮಳಿಗೆಗಳು ಕೊಂಬುಚಾವನ್ನು ಕೆಲಕಾಲ ಮಾರಾಟದಿಂದ ತೆಗೆದಿದ್ದವು. ಮನೆಯಲ್ಲಿ ಮಾಡಿದ್ದು, ಅದರಲ್ಲೂ ಬಾಟಲಿಯಲ್ಲಿ ಎರಡನೆಯ ಸಲ ಹುದುಗಿದ್ದು, ಈ ಮಿತಿಯನ್ನು ಸುಲಭವಾಗಿ ದಾಟಬಲ್ಲದು. ಧರ್ಮ, ವ್ರತ, ಔಷಧ ಅಥವಾ ಚಟ ಬಿಟ್ಟ ಕಾರಣದಿಂದ ಮದ್ಯಸಾರವನ್ನು ಪೂರ್ತಿ ವರ್ಜಿಸಿರುವವರಿಗೆ ಇದನ್ನು ಕೊಡುವ ಮೊದಲು ಈ ಸಂಗತಿಯನ್ನು ಹೇಳಲೇಬೇಕು.

ದಿನಕ್ಕೆ ಎಷ್ಟು ಕುಡಿಯಬಹುದು? ಯಾರು ಕುಡಿಯಬಾರದು?

ಆರೋಗ್ಯವಂತರು ದಿನಕ್ಕೆ ಸುಮಾರು 120 ಮಿಲಿಲೀಟರ್, ಅಂದರೆ ಒಂದು ಸಣ್ಣ ಲೋಟದಷ್ಟು ಕುಡಿಯುವುದರಿಂದ ತೊಂದರೆಯಾಗಲಾರದು ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 1995ರಲ್ಲಿ ಹೇಳಿತ್ತು. ಆ ಮಾತಿಗೆ ಹಿನ್ನೆಲೆ, ಅದೇ ವರ್ಷ ಅಯೋವಾ ರಾಜ್ಯದಲ್ಲಿ ಕೊಂಬುಚಾ ಕುಡಿಯುತ್ತಿದ್ದ ಇಬ್ಬರು ರಕ್ತದಲ್ಲಿ ಆಮ್ಲತೆ ವಿಪರೀತವಾಗಿ ಏರಿ ಆಸ್ಪತ್ರೆ ಸೇರಿದ್ದು, ಅವರಲ್ಲಿ ಒಬ್ಬರು ತೀರಿಕೊಂಡದ್ದು. ಕೊಂಬುಚಾವೇ ಕಾರಣವೆಂದು ಸಾಬೀತಾಗಲಿಲ್ಲ, ಆದರೆ ಎಚ್ಚರಿಕೆಗೆ ಅಷ್ಟು ಸಾಕು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಚಿಕ್ಕ ಮಕ್ಕಳು, ಮೂತ್ರಪಿಂಡ ಅಥವಾ ಯಕೃತ್ತಿನ ಕಾಯಿಲೆಯುಳ್ಳವರು, ಕೀಮೋಥೆರಪಿಯಲ್ಲಿರುವವರು ಮತ್ತು ಬೇರೆ ಕಾರಣದಿಂದ ರೋಗನಿರೋಧಕ ಶಕ್ತಿ ಕುಗ್ಗಿದವರು ಮನೆಯಲ್ಲಿ ಮಾಡಿದ ಕೊಂಬುಚಾವನ್ನು ಕುಡಿಯದಿರುವುದೇ ಒಳ್ಳೆಯದು. ಹೊಸಬರು ಕಾಲು ಲೋಟದಿಂದ ಆರಂಭಿಸಿ. ಹುಳಿ ಹಲ್ಲಿನ ಮೇಲ್ಪದರವನ್ನು ಸವೆಸುವುದರಿಂದ ಕುಡಿದ ಮೇಲೆ ಬಾಯಿ ಮುಕ್ಕಳಿಸಿ. ಚಹಾದ ಕೆಫೀನ್ ಬಹುಮಟ್ಟಿಗೆ ಉಳಿದಿರುತ್ತದೆ, ರಾತ್ರಿ ನಿದ್ದೆ ಬಾರದವರಿಗೆ ಇದೂ ನೆನಪಿರಲಿ.

ಮಧುಮೇಹಕ್ಕೆ ಒಳ್ಳೆಯದಂತೆ, ನಿಜವೇ?

2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎರಡನೆಯ ಬಗೆಯ ಮಧುಮೇಹವಿರುವವರು ನಾಲ್ಕು ವಾರ ದಿನಕ್ಕೊಂದು ಲೋಟ ಕೊಂಬುಚಾ ಕುಡಿದಾಗ ಖಾಲಿ ಹೊಟ್ಟೆಯ ಸಕ್ಕರೆ ಸರಾಸರಿ 164ರಿಂದ 116ಕ್ಕೆ ಇಳಿದಿತ್ತು. ಆದರೆ ಅದರಲ್ಲಿ ಪಾಲ್ಗೊಂಡವರು ಕೇವಲ 12 ಮಂದಿ, ಮತ್ತು ಅವರು ಕುಡಿದದ್ದು ಕಂಪನಿಯೊಂದು ತಯಾರಿಸಿದ ಪಾನೀಯ. ನಮ್ಮ ಜಾಡಿಯಲ್ಲಿ ವಾರದ ನಂತರವೂ ಹಾಕಿದ ಸಕ್ಕರೆಯ ಗಣನೀಯ ಭಾಗ ಉಳಿದಿರುತ್ತದೆ. ಇಷ್ಟನ್ನು ನಂಬಿ ಔಷಧ ಬಿಡುವುದಾಗಲಿ, ಪ್ರಮಾಣ ತಗ್ಗಿಸುವುದಾಗಲಿ ಸಲ್ಲದು. ಇತರ ಕಾಯಿಲೆಗಳಿಗೆ ಇದು ಮದ್ದೆಂದು ಹೇಳುವ ಮಾತುಗಳಿಗೆ ಮನುಷ್ಯರ ಮೇಲಿನ ಅಧ್ಯಯನಗಳ ಆಧಾರ ಇನ್ನೂ ಬಹಳ ಕಡಿಮೆ. ರುಚಿಗಾಗಿ, ತಂಪು ಪಾನೀಯದ ಬದಲಾಗಿ ಕುಡಿಯುವುದಾದರೆ ಅದೇ ಸಾಕಾದಷ್ಟು ಕಾರಣ.

ತಿಂಗಳುಗಟ್ಟಲೆ ಊರಿಗೆ ಹೋಗುವುದಿದ್ದರೆ ಹೆಪ್ಪನ್ನು ಉಳಿಸುವುದು ಹೇಗೆ?

ಹೊರಡುವ ಮುನ್ನ ಸಾಮಾನ್ಯಕ್ಕಿಂತ ಎರಡರಷ್ಟು ಹೆಪ್ಪು ಬೆರೆಸಿದ ಹೊಸ ಸಿಹಿ ಚಹಾದಲ್ಲಿ ಸ್ಕೋಬಿಯನ್ನು ಬಿಟ್ಟು, ಬಟ್ಟೆ ಬಿಗಿದು, ತಂಪಾದ ಮೂಲೆಯಲ್ಲಿಡಿ. ನಾಲ್ಕರಿಂದ ಆರು ವಾರ ಏನೂ ಆಗುವುದಿಲ್ಲ. ಫ್ರಿಜ್ಜಿನಲ್ಲಿಟ್ಟರೆ ಜೀವಿಗಳು ಜಡಗಟ್ಟುತ್ತವೆ, ಮರಳಿ ಬಂದು ಮಾಡಿದ ಮೊದಲ ಜಾಡಿ ನಿಧಾನವಾಗಿ ಹುಳಿಯೇರಿ ಬೂಷ್ಟಿಗೆ ಎಡೆಮಾಡಿಕೊಡುತ್ತದೆ.

ವಿನೆಗರ್‌ನಷ್ಟು ಹುಳಿಯಾಗಿಬಿಟ್ಟರೆ?

ಬೂಷ್ಟಿಲ್ಲದಿದ್ದರೆ ಅದು ಅತ್ಯುತ್ತಮ ಹೆಪ್ಪು, ಮುಂದಿನ ಜಾಡಿಗೆ ಬಳಸಿ. ಹೆಚ್ಚು ಉಳಿದರೆ ಸೌತೆಕಾಯಿ, ಈರುಳ್ಳಿಯ ಪಚಡಿಗೆ ವಿನೆಗರ್ ಬದಲು ಒಂದೆರಡು ಚಮಚ ಹಾಕಬಹುದು. ಆದರೆ ಉಪ್ಪಿನಕಾಯಿಯಂತಹ ತಿಂಗಳುಗಟ್ಟಲೆ ಇಡುವ ಪದಾರ್ಥಗಳಿಗೆ ಅದನ್ನು ನೆಚ್ಚಬೇಡಿ: ಅಂಗಡಿಯ ವಿನೆಗರ್‌ನಲ್ಲಿ ಅಸಿಟಿಕ್ ಆಮ್ಲ ಸುಮಾರು ಶೇ 4ರಷ್ಟು ಇರುತ್ತದೆ, ನಾಲಿಗೆಗೆ ಎಷ್ಟೇ ಹುಳಿಯೆನಿಸಿದರೂ ಕೊಂಬುಚಾದಲ್ಲಿ ಅಷ್ಟು ಇರುವುದು ಅಪರೂಪ. ಹೆಚ್ಚಾದ ಸ್ಕೋಬಿ ಪದರಗಳನ್ನು ಕತ್ತರಿಸಿ ಗೊಬ್ಬರದ ಗುಂಡಿಗೆ ಸೇರಿಸಿ, ಇಲ್ಲವೇ ಒಂದು ಲೋಟ ಹುಳಿ ಚಹಾದೊಂದಿಗೆ ಕೇಳಿದವರಿಗೆ ಕೊಡಿ.